ಪಕ್ಕದೂರಿನ ದಾರಿ: ಸುವಾರ್ತಾ ದೇವಶಾಸ್ತ್ರ ಶಾಲೆಗಳ ಜಾಲ ಮಧ್ಯ ಕರ್ನಾಟಕಕ್ಕೆ ಏನು ಕೊಡಬಲ್ಲದು

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ರೈಲಿನಲ್ಲೇ ಹೋಗುತ್ತೇನೆಂದು ಹೊರಟವರು ಮಾತ್ರ ಚಿಕ್ಕಜಾಜೂರಿಗೆ ಬಂದು, ಅಲ್ಲಿ ಮುಖ್ಯ ಮಾರ್ಗ ಹಿಡಿದು, ಸುತ್ತು ಹಾಕಿ ದಾವಣಗೆರೆ ಸೇರಬೇಕು. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಹಳಿ ಹಾಕುವ ಕೆಲಸವನ್ನು ಈ ಭಾಗದ ಜನ ವರ್ಷಗಟ್ಟಲೆ ಕಾದು ನೋಡುತ್ತಾ ಬಂದಿದ್ದಾರೆ. ದೂರದ ದೊಡ್ಡ ಊರಿಗೆ ಮೊದಲು ದಾರಿಯಾಗಿ, ಪಕ್ಕದ ಊರಿಗೆ ಆಮೇಲೆ ಆಗುವ ಈ ಕ್ರಮವೇ ಸುವಾರ್ತಾ (ಇವ್ಯಾಂಜೆಲಿಕಲ್) ಪಂಥದ ಕ್ರೈಸ್ತರ ಬೈಬಲ್ ಕಾಲೇಜು ಮತ್ತು ಸೆಮಿನರಿಗಳ ನಡುವಿನ ಸಂಬಂಧದಲ್ಲಿಯೂ ಕಾಣುತ್ತದೆ. ಏಷ್ಯಾದ ಮಟ್ಟದಲ್ಲಿ, ಜಗತ್ತಿನ ಮಟ್ಟದಲ್ಲಿ ಈ ಶಾಲೆಗಳಿಗೆ ಅರ್ಧ ಶತಮಾನದಿಂದ ಜಾಲವಿದೆ. ಒಂದೇ ರಾಜ್ಯದ, ಒಂದೇ ಭಾಷೆಯ ಸಭೆಗಳಿಗೆ (ಚರ್ಚುಗಳಿಗೆ) ಪಾಲಕರನ್ನು, ಅಂದರೆ ಪಾಸ್ಟರ್‌ಗಳನ್ನು, ಸಿದ್ಧಪಡಿಸುವ ಶಾಲೆಗಳ ನಡುವಿನ ನಂಟು ಮಾತ್ರ ಅಷ್ಟು ಗಟ್ಟಿಯಾಗಿಲ್ಲ. ದಾವಣಗೆರೆ, ಚಿತ್ರದುರ್ಗದಂತಹ ಜಿಲ್ಲೆಗಳಿಗೆ ಜಾಲದಿಂದ ನಿಜವಾದ ಲಾಭ ಸಿಗಬೇಕಾದರೆ ಅದು ಈ ಎರಡನೆಯ ಬಗೆಯ ನಂಟಿನಿಂದಲೇ ಸಿಗಬೇಕು ಎಂಬುದು ಈ ಲೇಖನದ ವಾದ.

ಯಾರಿಗೆ ಲಾಭ ಎಂಬುದನ್ನು ಮೊದಲು ನೋಡೋಣ. ಚಳ್ಳಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಸಭೆ ನಡೆಸುವ ಪಾಸ್ಟರ್ ಒಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತರ ಆಸುಪಾಸು, ಓದಿದ್ದು ಕನ್ನಡ ಮಾಧ್ಯಮದಲ್ಲಿ ಪಿಯುಸಿಯವರೆಗೆ, ಭಾನುವಾರದ ಆರಾಧನೆಗೆ ಬರುವವರು ಮೂವತ್ತು ನಲವತ್ತು ಮಂದಿ. ಕಾಣಿಕೆಯಿಂದ ಸಂಸಾರ ನಡೆಯುವುದಿಲ್ಲವಾದ್ದರಿಂದ ವಾರದ ಉಳಿದ ದಿನಗಳಲ್ಲಿ ಶೇಂಗಾ ಹೊಲದ ಕೆಲಸವೋ ಒಂದು ಸಣ್ಣ ಅಂಗಡಿಯೋ ಇರುತ್ತದೆ. ಹದಿನೈದು ವರ್ಷ ಪ್ರಸಂಗ (ಧರ್ಮೋಪದೇಶ) ಮಾಡಿದ ಮೇಲೆ ಅವರಿಗೆ ತಮ್ಮ ಕೈಯಲ್ಲಿರುವುದು ಸಾಲದು ಎನ್ನಿಸಿದೆ. ಪ್ರವಾದಿಗಳ ಗ್ರಂಥಗಳನ್ನೋ ಪೌಲನ ಪತ್ರಿಕೆಗಳನ್ನೋ ಕ್ರಮವಾಗಿ ಓದಬೇಕು ಎನ್ನಿಸಿದೆ. ಅವರ ಮುಂದಿರುವ ಹೆಸರಾಂತ ಶಾಲೆಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿವೆ. 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, 1951ರ ಸದರ್ನ್ ಏಷ್ಯಾ ಬೈಬಲ್ ಕಾಲೇಜು, ಉನ್ನತ ವ್ಯಾಸಂಗಕ್ಕೆಂದೇ 1982ರಲ್ಲಿ ಹುಟ್ಟಿದ ಸಾಯಾಕ್ಸ್ ಎಲ್ಲವೂ ಅಲ್ಲಿಯವೇ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಆದರೆ ಘಟ್ಟ ಇಳಿದು ಹೋಗಬೇಕು. ಬೆಂಗಳೂರಿನ ದೊಡ್ಡ ಶಾಲೆಗಳಲ್ಲಿ ದೇಶದ ಎಲ್ಲ ಮೂಲೆಗಳ ವಿದ್ಯಾರ್ಥಿಗಳಿರುವುದರಿಂದ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ. ಅದು ಆ ಶಾಲೆಗಳ ತಪ್ಪಲ್ಲ, ಅವುಗಳ ಹರವಿನ ಫಲ. ಆದರೆ ಮೂರು ವರ್ಷ ಸಭೆ ಬಿಟ್ಟು, ಹೆಂಡತಿ ಮಕ್ಕಳನ್ನು ಬಿಟ್ಟು, ತನ್ನದಲ್ಲದ ಭಾಷೆಯಲ್ಲಿ ಓದಿ ಬರುವುದು ನಮ್ಮ ಚಳ್ಳಕೆರೆಯ ಪಾಲಕರಿಗೆ ಆಗದ ಮಾತು.

ಹಾಗಾದರೆ ಇಲ್ಲೇ ಒಂದು ಸೆಮಿನರಿ ಕಟ್ಟಬಹುದಲ್ಲ ಎಂದು ಕೇಳುವವರಿದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡಾ 1.87, ಅಂದರೆ ಸುಮಾರು 11.4 ಲಕ್ಷ. ಇವರಲ್ಲಿ ಬಹಳ ಮಂದಿ ಬೆಂಗಳೂರು ಮತ್ತು ಕರಾವಳಿಯಲ್ಲಿದ್ದಾರೆ, ಕ್ಯಾಥೊಲಿಕರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಬಯಲುಸೀಮೆಯ ಜಿಲ್ಲೆಗಳ ಸುವಾರ್ತಾ ಸಭೆಗಳನ್ನಷ್ಟೇ ಎಣಿಸಿದರೆ ಹೀಬ್ರೂ, ಗ್ರೀಕ್, ಸಭಾ ಚರಿತ್ರೆ, ನೀತಿಶಾಸ್ತ್ರ, ಆಪ್ತಸಮಾಲೋಚನೆ ಇಷ್ಟಕ್ಕೂ ಒಬ್ಬೊಬ್ಬ ಅಧ್ಯಾಪಕರನ್ನಿಟ್ಟು ಸಂಬಳ ಕೊಡುವ ಶಾಲೆಯನ್ನು ಈ ಸಭೆಗಳು ತಮ್ಮ ಕಾಣಿಕೆಯಿಂದ ಸಾಕಲಾರವು. ಸಾಕಲು ಹೊರಟ ಚಿಕ್ಕ ಬೈಬಲ್ ಶಾಲೆಗಳಲ್ಲಿ ಒಬ್ಬರೇ ಐದು ವಿಷಯ ಪಾಠ ಮಾಡುವ ಸ್ಥಿತಿ ಬರುತ್ತದೆ. ಜಾಲದ ಪ್ರಶ್ನೆ ಹುಟ್ಟುವುದೇ ಇಲ್ಲಿ: ಒಂಟಿಯಾಗಿ ಯಾರ ಕೈಯಲ್ಲೂ ಆಗದ್ದು, ಸೇರಿದರೆ ಆದೀತೆ?

ಈಗಿರುವ ಜಾಲ ಹೇಗೆ ಬಂತು ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಪದವಿ, ಮಾನ್ಯತೆ, ಸಂಯೋಜನೆ ಎಂಬ ಪದಗಳ ಬಗ್ಗೆ ನಮ್ಮ ಸಭೆಗಳಲ್ಲಿ ಗೊಂದಲ ಬಹಳ. ಭಾರತದ ಪ್ರಾಟೆಸ್ಟೆಂಟ್ ದೇವಶಾಸ್ತ್ರ ಶಿಕ್ಷಣದಲ್ಲಿ ಎರಡು ದೊಡ್ಡ ಹೊಳೆಗಳಿವೆ. ಮೊದಲನೆಯದು ಬಂಗಾಳದ ಸೇರಾಂಪುರದ್ದು. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ 1818ರಲ್ಲಿ ಕಟ್ಟಿದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆಯ ಸನ್ನದು ಸಿಕ್ಕಿತು. ಆಗ ಆ ಊರು ಡೇನರ ವಸಾಹತಾಗಿತ್ತು. 1918ರ ಸೇರಾಂಪುರ ಕಾಲೇಜು ಕಾಯ್ದೆಯಿಂದ ಸೆನೆಟ್ ಎಂಬ ವ್ಯವಸ್ಥೆ ಬಂದು, ದೇಶದ ನಾನಾ ಕಡೆಯ ಕಾಲೇಜುಗಳು ಅದರ ಅಡಿ ಸೇರಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಮೊದಲಾದ ಪದವಿಗಳಿಗೆ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ ನಡೆಸತೊಡಗಿದವು. ಎರಡನೆಯದು ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್, ಅಂದರೆ ಎಟಿಎ. 1968ರಲ್ಲಿ ಸಿಂಗಾಪುರದಲ್ಲಿ ನಡೆದ ಸುವಾರ್ತಾ ಸಮ್ಮೇಳನದಲ್ಲಿ ಚಿಗುರಿದ ಈ ಆಲೋಚನೆ 1970ರಲ್ಲಿ ಸಂಸ್ಥೆಯಾಯಿತು. ಇದು ತಾನೇ ಪಾಠ ಹೇಳುವುದಿಲ್ಲ. ಶಾಲೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಆಫ್ರಿಕಾ, ಯುರೋಪ್ ಮೊದಲಾದ ಕಡೆಗಳಲ್ಲಿರುವ ಇಂತಹ ಸಂಸ್ಥೆಗಳೊಡನೆ ಎಟಿಎಯನ್ನೂ ಸೇರಿಸಿ ಒಂದು ಅಂತರರಾಷ್ಟ್ರೀಯ ಮಂಡಳಿ 1980ರಲ್ಲಿ ರಚನೆಯಾಯಿತು. ಅದೇ ಇಂದು ಐಸೀಟ್ ಎಂಬ ಹೆಸರಿನಲ್ಲಿದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಎಟಿಎ ಮಾನ್ಯತೆಯು ಶಾಲೆಗಳು ಪರಸ್ಪರ ಒಪ್ಪಿಕೊಂಡ ಅಳತೆ. ಅದು ಸರ್ಕಾರದ ಮುದ್ರೆಯಲ್ಲ. ಅಂತಹ ಶಾಲೆಯ ಬಿ.ಟಿಎಚ್. (ದೇವಶಾಸ್ತ್ರದ ಸ್ನಾತಕ) ಪದವಿ ಇನ್ನೊಂದು ಸೆಮಿನರಿಯ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಪ್ರವೇಶಕ್ಕೆ ದಾರಿ ಮಾಡಿಕೊಡುತ್ತದೆ, ಹೊರದೇಶದ ದೇವಶಾಸ್ತ್ರ ಶಾಲೆಯೂ ಅದನ್ನು ಪರಿಗಣಿಸುತ್ತದೆ. ಆದರೆ ದಾವಣಗೆರೆ ವಿಶ್ವವಿದ್ಯಾಲಯದ ಎಂ.ಎ. ಪ್ರವೇಶಕ್ಕೋ ಸರ್ಕಾರಿ ಕೆಲಸಕ್ಕೋ ಅದನ್ನು ಹಿಡಿದು ಹೋಗಬಹುದು ಎಂದು ಯಾವ ಪ್ರಾಂಶುಪಾಲರೂ ವಿದ್ಯಾರ್ಥಿಗೆ ಭರವಸೆ ಕೊಡಬಾರದು. ಇದನ್ನು ಸೇರ್ಪಡೆಯ ದಿನವೇ ಹೇಳುವ ಶಾಲೆಗಳಿವೆ, ಹೇಳದ ಶಾಲೆಗಳೂ ಇವೆ. ಜಾಲದ ಮೊದಲ ಪ್ರಾಮಾಣಿಕ ಪ್ರಯೋಜನ ಇದೇ ಆಗಬಹುದು: ಎಲ್ಲ ಶಾಲೆಗಳೂ ಒಂದೇ ಒಕ್ಕಣೆಯಲ್ಲಿ, ಕನ್ನಡದಲ್ಲಿ, ಈ ಪದವಿ ಯಾವುದಕ್ಕೆ ನಡೆಯುತ್ತದೆ ಯಾವುದಕ್ಕೆ ನಡೆಯುವುದಿಲ್ಲ ಎಂದು ಅರ್ಜಿಯ ಮೊದಲ ಪುಟದಲ್ಲೇ ಅಚ್ಚು ಹಾಕುವುದು.

ಮಾನ್ಯತೆಯ ಗುಣವನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಡೆಯವರು ದೂರ ಹೋಗಬೇಕಿಲ್ಲ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಳ್ಳಿ ಹಾಲೆಲ್ಲ ಸೇರಿ ಶಿಮುಲ್ ಹಾಲು ಒಕ್ಕೂಟ ಬೆಳೆದದ್ದನ್ನು ನೋಡಿದ್ದೇವೆ. ಬೆಳಿಗ್ಗೆ ಡೇರಿಗೆ ನಾಲ್ಕು ಲೀಟರ್ ಹಾಲು ಹಾಕುವ ರೈತನಿಗೆ ಶೀತಲ ಘಟಕ ಕಟ್ಟುವ ಶಕ್ತಿಯಿಲ್ಲ, ಅವನ ಹಳ್ಳಿಯ ಸಂಘಕ್ಕೂ ಇಲ್ಲ. ಆದರೆ ಎಲ್ಲ ಸಂಘಗಳಲ್ಲೂ ಒಂದೇ ಬಗೆಯಲ್ಲಿ ಫ್ಯಾಟು, ಡಿಗ್ರಿ (ಹಾಲಿನ ಗಟ್ಟಿತನ) ನೋಡುತ್ತಾರಾದ್ದರಿಂದ ಹೊನ್ನಾಳಿಯ ಹಾಲಿನ ಜೊತೆ ಹೊಳಲ್ಕೆರೆಯ ಹಾಲು ಬೆರೆಸಲು ಯಾರೂ ಅನುಮಾನಪಡಬೇಕಾಗಿಲ್ಲ. ದೇವಶಾಸ್ತ್ರ ಶಾಲೆಗಳಲ್ಲಿ ಕ್ರೆಡಿಟ್ ಎನ್ನುವುದು ಇದೇ ಅಳತೆ. ಒಂದು ಶಾಲೆಯಲ್ಲಿ ಯೆಶಾಯನ ಗ್ರಂಥದ ಮೇಲೆ ಮೂರು ಕ್ರೆಡಿಟ್ಟಿನ ಪಾಠ ಮುಗಿಸಿದವನು ಇನ್ನೊಂದು ಶಾಲೆಗೆ ಹೋದಾಗ ಮತ್ತೆ ಅದನ್ನೇ ಓದಬೇಕಾಗಿಲ್ಲ ಎಂಬ ನಂಬಿಕೆ ಇದ್ದರೆ ಮಾತ್ರ ಅಧ್ಯಾಪಕರನ್ನೂ ಪುಸ್ತಕಗಳನ್ನೂ ಹಂಚಿಕೊಳ್ಳುವ ಮಾತು ಮುಂದುವರಿಯುತ್ತದೆ. ಡೇರಿಯ ಡಿಗ್ರಿಗೂ ಕಾಲೇಜಿನ ಡಿಗ್ರಿಗೂ ಇರುವ ವ್ಯತ್ಯಾಸವೆಂದರೆ, ನೀರು ಬೆರೆಸಿದ್ದು ಡೇರಿಯಲ್ಲಿ ಅಂದೇ ಗೊತ್ತಾಗುತ್ತದೆ.

ಆ ಬೆರಕೆಯ ವಿಷಯಕ್ಕೆ ಬಂದರೆ, ದುಡ್ಡು ಕೊಟ್ಟವರಿಗೆ ಗೌರವ ಡಾಕ್ಟರೇಟ್ ಹಂಚುವ ಸಂಸ್ಥೆಗಳ ಹಾವಳಿ ನಮ್ಮ ಜಿಲ್ಲೆಗಳಿಗೂ ಬಂದಿದೆ. ಹೋಟೆಲಿನ ಹಾಲ್ ಬಾಡಿಗೆಗೆ ಹಿಡಿದು, ಕರಿ ನಿಲುವಂಗಿ ತೊಡಿಸಿ, ಫೋಟೊ ತೆಗೆದು ಕಳಿಸುವ ಈ ಸಮಾರಂಭಗಳನ್ನು ನೋಡಿ ನಗುವುದು ಸುಲಭ. ಆದರೆ ನಿಜವಾಗಿ ಓದಲು ದಾರಿಯಿಲ್ಲದ ಪಾಲಕರಿಗೆ ಗೌರವದ ಹಸಿವು ಇರುತ್ತದೆಂಬುದನ್ನೂ ಒಪ್ಪಬೇಕು. ನಿಜವಾದ ಶಾಲೆಗಳು ಕೈಗೆಟುಕದಿದ್ದಾಗ ಸುಳ್ಳು ಶಾಲೆಗಳು ಮನೆ ಬಾಗಿಲಿಗೆ ಬರುತ್ತವೆ. ಐಸೀಟ್ ವತಿಯಿಂದ 2010ರಲ್ಲಿ ಬೈರೂತಿನಲ್ಲಿಯೂ 2011ರಲ್ಲಿ ಬೆಂಗಳೂರಿನಲ್ಲಿಯೂ ಸೇರಿದ ವಿದ್ವಾಂಸರು ಡಾಕ್ಟರೇಟ್ ಮಟ್ಟದ ಓದು ಹೇಗಿರಬೇಕು ಎಂಬುದಕ್ಕೆ ಮಾನದಂಡಗಳನ್ನು ರೂಪಿಸಿದ್ದಾರೆ. ಅವು ಒಳ್ಳೆಯ ಮಾನದಂಡಗಳೇ. ಆದರೆ ಹಿರಿಯೂರಿನ ಒಬ್ಬ ಸಭೆಯ ಹಿರಿಯರಿಗೆ ತಮ್ಮ ಪಾಸ್ಟರ್ ತಂದ ಪ್ರಮಾಣಪತ್ರ ಅಸಲಿಯೋ ನಕಲಿಯೋ ಎಂದು ಕೇಳಲು ಒಂದು ಫೋನ್ ಸಂಖ್ಯೆ ಬೇಕು, ಆ ಕಡೆಯಿಂದ ಕನ್ನಡದಲ್ಲಿ ಉತ್ತರ ಬೇಕು. ಅಂತಹ ವ್ಯವಸ್ಥೆ ರಾಜ್ಯ ಮಟ್ಟದ ಜಾಲದಿಂದ ಆಗುವ ಕೆಲಸ.

ಮಾನ್ಯತೆಯ ಜಾಲದಿಂದ ಶಾಲೆಗಳಿಗೆ ಆದ ಲಾಭವನ್ನು ಕಡೆಗಣಿಸಬಾರದು. ಮಾನ್ಯತೆ ಬೇಕೆಂದ ಶಾಲೆ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಂಡು ವರದಿ ಬರೆಯಬೇಕು. ಆಮೇಲೆ ಬೇರೆ ಶಾಲೆಗಳ ಅಧ್ಯಾಪಕರ ತಂಡ ಬಂದು ಗ್ರಂಥಾಲಯದ ಕಪಾಟಿನಿಂದ ಅಡುಗೆಮನೆಯ ಲೆಕ್ಕದವರೆಗೆ ನೋಡುತ್ತದೆ. ಪ್ರಾಂಶುಪಾಲರು ಹಿಂದಿನ ವಾರ ಗೋಡೆಗೆ ಸುಣ್ಣ ಬಳಿಸುತ್ತಾರೆ ಎಂಬ ಹಾಸ್ಯವೂ ಇದೆ. ಆದರೂ ಹೊರಗಿನ ಕಣ್ಣು ಬಿದ್ದಾಗ ಶಾಲೆ ತಿದ್ದಿಕೊಳ್ಳುತ್ತದೆ, ಮತ್ತು ನೋಡಲು ಬಂದವರೂ ಒಂದಿಷ್ಟು ಕಲಿತು ಹೋಗುತ್ತಾರೆ. ನನ್ನ ಅಂದಾಜಿನಲ್ಲಿ ಪ್ರಮಾಣಪತ್ರಕ್ಕಿಂತ ಈ ಹೋಗಿಬರುವಿಕೆಯೇ ದೊಡ್ಡ ಗಳಿಕೆ. ಕೊರತೆ ಇರುವುದು ಬೇರೆ ಕಡೆ. ಈ ಇಡೀ ಸಂಪರ್ಕ ನಡೆಯುವುದು ಇಂಗ್ಲಿಷಿನಲ್ಲಿ, ಪ್ರಾಂಶುಪಾಲರು ಮತ್ತು ಡೀನರ ನಡುವೆ. ಕನ್ನಡದಲ್ಲಿ ಪಾಠ ಮಾಡುವ ಅಧ್ಯಾಪಕ ಇನ್ನೊಂದು ಶಾಲೆಯ ಕನ್ನಡ ಅಧ್ಯಾಪಕನನ್ನು ಕಾಣಲು ಇದರಲ್ಲಿ ಜಾಗ ಕಡಿಮೆ.

ಈ ಅಂಶವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು, ಏಕೆಂದರೆ ಕನ್ನಡದಲ್ಲಿ ದೇವಶಾಸ್ತ್ರ ಹೇಳುವುದೆಂದರೆ ಇಂಗ್ಲಿಷ್ ಟಿಪ್ಪಣಿಯನ್ನು ತರ್ಜುಮೆ ಮಾಡಿ ಓದುವುದಲ್ಲ. ಒಂದು ಪದವನ್ನು ತೆಗೆದುಕೊಳ್ಳಿ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಬರುವ ಗ್ರೀಕಿನ ‘ಡಿಕಾಯೊಸುನೆ’ ಎಂಬ ಪದಕ್ಕೆ ನಮ್ಮ ಹಳೆಯ ಸತ್ಯವೇದದಲ್ಲಿ (ಕನ್ನಡ ಬೈಬಲಿನಲ್ಲಿ) ‘ನೀತಿ’ ಎಂದಿದೆ. ಕನ್ನಡಿಗನ ಕಿವಿಗೆ ನೀತಿ ಎಂದರೆ ಒಳ್ಳೆಯ ನಡತೆ. ಶಾಲೆಯಲ್ಲಿ ಕೇಳಿದ ನೀತಿಪಾಠ, ಅಜ್ಜಿ ಹೇಳಿದ ನೀತಿಕಥೆ. ಹೀಗಾಗಿ ದೇವರು ಮನುಷ್ಯನನ್ನು ನೀತಿವಂತನೆಂದು ಎಣಿಸುತ್ತಾನೆ ಎಂದು ಓದಿದ ಕೂಡಲೇ, ಚೆನ್ನಾಗಿ ನಡೆದುಕೊಂಡವನಿಗೆ ದೇವರು ಸರ್ಟಿಫಿಕೇಟ್ ಕೊಡುತ್ತಾನೆ ಎಂಬ ಅರ್ಥ ಕೇಳುವವರ ಮನಸ್ಸಿನಲ್ಲಿ ಮೂಡುತ್ತದೆ. ಪೌಲನು ಹೇಳುತ್ತಿರುವುದು ಹೆಚ್ಚುಕಡಿಮೆ ಅದರ ತದ್ವಿರುದ್ಧ. ಈ ಎಡವಟ್ಟನ್ನು ಇಂಗ್ಲಿಷಿನಲ್ಲಿ ಪಾಠ ಕೇಳಿ ಬಂದವರು ಗಮನಿಸುವುದೇ ಕಷ್ಟ, ಏಕೆಂದರೆ ಇಂಗ್ಲಿಷ್ ಪದಕ್ಕೆ ಅದರದೇ ಬೇರೆ ತೊಡಕುಗಳಿವೆ. ಗ್ರೀಕನ್ನೂ ಕನ್ನಡವನ್ನೂ ಎದುರುಬದುರು ಇಟ್ಟುಕೊಂಡು, ನೀತಿ ಎಂಬ ಪದಕ್ಕೆ ಕನ್ನಡದ ಕಾವ್ಯ ಶಾಸ್ತ್ರಗಳಲ್ಲಿ ಏನೇನು ಅರ್ಥಛಾಯೆಗಳಿವೆ ಎಂದು ಬಲ್ಲ ಅಧ್ಯಾಪಕರು ಬೇಕು. ‘ಸಭೆ’ ಎಂಬ ಪದ ಗ್ರಾಮಸಭೆಯನ್ನು ನೆನಪಿಸುತ್ತದೆ. ದೇವರ ಹೆಸರು ಹಳೆಯ ಅನುವಾದದಲ್ಲಿ ‘ಯೆಹೋವ’, ಸಾಮಾನ್ಯ ಭಾಷೆಯ ನಂತರದ ಅನುವಾದದಲ್ಲಿ ‘ಸರ್ವೇಶ್ವರ’. ಈ ಒಂದೊಂದು ಆಯ್ಕೆಯೂ ಪ್ರಸಂಗಪೀಠದ ಮೇಲೆ ಪರಿಣಾಮ ಬೀರುತ್ತದೆ.

ಇನ್ನು ನಮ್ಮದು ಮುರುಘಾ ಮಠದ, ಸಿರಿಗೆರೆಯ ತರಳಬಾಳು ಪೀಠದ ನೆಲ. ಪ್ರಸಾದ, ಜಂಗಮ, ದಾಸೋಹ, ಕಾಯಕ ಎಂಬ ಮಾತುಗಳು ಇಲ್ಲಿ ಪುಸ್ತಕದ ಪದಗಳಲ್ಲ, ಅಂಗಳದ ಪದಗಳು. ‘ಕೃಪೆ’ಯ ಬಗ್ಗೆ ಹೊಳಲ್ಕೆರೆಯಲ್ಲಿ ಮಾತನಾಡುವ ಪಾಲಕನಿಗೆ ವಚನಕಾರರು ಪ್ರಸಾದ ಎಂದಾಗ ಏನು ಹೇಳಿದರು ಎಂಬ ಅರಿವಿಲ್ಲದಿದ್ದರೆ, ನೆರೆಹೊರೆಯವರನ್ನು ಅರ್ಥ ಮಾಡಿಕೊಳ್ಳುವುದೂ ಆಗುವುದಿಲ್ಲ, ತನ್ನ ಮಾತು ಅವರಿಗೆ ಹೇಗೆ ಕೇಳಿಸುತ್ತದೆ ಎಂದು ಅಂದಾಜಿಸುವುದೂ ಆಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಮಿಷನರಿಗಳಿಗೆ ಇದು ಗೊತ್ತಿತ್ತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. 1894ರಲ್ಲಿ ಬಂದ ಕಿಟೆಲ್ ಅವರ ನಿಘಂಟನ್ನು ಇಂದಿಗೂ ಕನ್ನಡದ ವಿದ್ವಾಂಸರು ಬಳಸುತ್ತಾರೆ. ಅವರ ಉದ್ದೇಶಗಳ ಬಗ್ಗೆ ಏನೇ ಚರ್ಚೆ ಇರಲಿ, ಭಾಷೆಯ ಮಟ್ಟಿಗೆ ಅವರು ಪಟ್ಟ ಶ್ರಮದ ಕಾಲು ಭಾಗವನ್ನೂ ಇಂದಿನ ನಮ್ಮ ಶಾಲೆಗಳು ಪಡುತ್ತಿಲ್ಲ ಎಂದರೆ ಕಟುವಾಗಬಹುದು, ಸುಳ್ಳಾಗಲಾರದು.

ಗ್ರೀಕನ್ನು ಬಲ್ಲ, ವಚನ ಸಾಹಿತ್ಯವನ್ನೂ ಬಲ್ಲ, ಕನ್ನಡದಲ್ಲಿ ಪಾಠ ಮಾಡಬಲ್ಲ ಅಧ್ಯಾಪಕರು ಎಷ್ಟು ಜನ ಸಿಕ್ಕಾರು? ಪ್ರತಿ ಶಾಲೆಗೆ ಒಬ್ಬರಂತೆ ಖಂಡಿತ ಸಿಗುವುದಿಲ್ಲ. ಒಂದು ಶಾಲೆಯಲ್ಲಿ ಕನ್ನಡದಲ್ಲಿ ಕಲಿಯಬಯಸುವ ವಿದ್ಯಾರ್ಥಿಗಳು ನಾಲ್ಕೈದು ಮಂದಿ ಇದ್ದಾರೆಂದುಕೊಳ್ಳಿ. ಅವರಿಗಾಗಿ ಒಬ್ಬ ಅಧ್ಯಾಪಕರನ್ನು ನೇಮಿಸುವುದು ಯಾವ ಆಡಳಿತ ಮಂಡಳಿಗೂ ದುಬಾರಿಯೇ. ಐದಾರು ಶಾಲೆಗಳ ಇಂತಹ ವಿದ್ಯಾರ್ಥಿಗಳನ್ನು ಸೇರಿಸಿದರೆ ಮಾತ್ರ ಅದು ತರಗತಿ ಎನ್ನಿಸಿಕೊಳ್ಳುತ್ತದೆ, ಒಬ್ಬ ಅಧ್ಯಾಪಕರ ಸಂಬಳಕ್ಕೆ ಅರ್ಥ ಬರುತ್ತದೆ. ಕನ್ನಡದ ಮಟ್ಟಿಗೆ ಜಾಲ ಎನ್ನುವುದು ಅಲಂಕಾರವಲ್ಲ; ಅದಿಲ್ಲದೆ ಕೆಲಸವೇ ಹುಟ್ಟುವುದಿಲ್ಲ ಎಂದು ನಾನು ಹೇಳುವುದು ಈ ಲೆಕ್ಕದಿಂದ.

ಹೀಗೆ ಸೇರಿ ಕೆಲಸ ಮಾಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಚಿತ್ರದುರ್ಗದಿಂದ ಸುಮಾರು 140 ಕಿಲೋಮೀಟರ್ ದೂರದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಅವರ ಜೊತೆಗಾರ ವಿಲಿಯಂ ರೀವ್ ಮತ್ತು ಅವರೊಡನೆ ಕೂತ ಕನ್ನಡ ಪಂಡಿತರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಬಂತು. ಅದರ ಮುಂದಿನ ಪರಿಷ್ಕರಣೆಯಲ್ಲಿ ದುಡಿದವರಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಪ್ರಮುಖರು. ಅಂದರೆ ಬಳ್ಳಾರಿಯಲ್ಲಿ ಇಂಗ್ಲಿಷರು ಆರಂಭಿಸಿದ್ದನ್ನು ಕರಾವಳಿ ಮತ್ತು ಧಾರವಾಡ ಸೀಮೆಯ ಜರ್ಮನ್ನರು ತಿದ್ದಿದರು. ಮೈಸೂರು ಸಂಸ್ಥಾನದ ವೆಸ್ಲಿಯನ್ನರ ಸಭೆಗಳೂ ಅದನ್ನೇ ಓದಿದವು. ಸಭಾಡಳಿತದ ಬಗ್ಗೆ ಈ ಮಿಷನ್‌ಗಳಿಗೆ ಒಮ್ಮತವೇನೂ ಇರಲಿಲ್ಲ. 1910ರಲ್ಲಿ ಬೆಂಗಳೂರಿನ ಯುನೈಟೆಡ್ ಕಾಲೇಜು ಹುಟ್ಟಿದ್ದೂ ಹಲವು ಮಿಷನ್‌ಗಳು ತಮ್ಮ ತಮ್ಮ ಶಾಲೆಗಳನ್ನು ಪ್ರತ್ಯೇಕವಾಗಿ ನಡೆಸುವುದು ವ್ಯರ್ಥ ಎಂದು ಕಂಡುಕೊಂಡ ಮೇಲೆ.

ವಿಲೀನವಾಗದೆಯೂ ಕೂಡಿ ನಡೆಯಬಹುದು ಎಂಬುದಕ್ಕೆ ಈಚಿನ ಉದಾಹರಣೆಗಳೂ ಇವೆ. ಕೇರಳದಲ್ಲಿ ಕೊಟ್ಟಾಯಂನ ಆರ್ಥೊಡಾಕ್ಸ್ ಸೆಮಿನರಿ, ಅದೇ ಊರಿನ ಮಾರ್ ತೋಮ ಸೆಮಿನರಿ, ತಿರುವನಂತಪುರದ ಕೇರಳ ಯುನೈಟೆಡ್ ಸೆಮಿನರಿ ಸೇರಿ ಸ್ನಾತಕೋತ್ತರ ಪಾಠಕ್ಕೆ ಒಂದು ಸಂಯುಕ್ತ ಅಧ್ಯಾಪಕ ಮಂಡಳಿ ಮಾಡಿಕೊಂಡಿವೆ. ಇವು ಸುವಾರ್ತಾ ಪಂಥದ ಶಾಲೆಗಳಲ್ಲ, ಅವುಗಳ ನಡುವಿನ ಆರಾಧನಾ ಕ್ರಮದ ಅಂತರ ನಮ್ಮ ಪೆಂಟೆಕೋಸ್ಟಲ್ ಮತ್ತು ಬ್ರದರನ್ ಸಭೆಗಳ ನಡುವಿನ ಅಂತರಕ್ಕಿಂತ ಕಡಿಮೆಯೇನಲ್ಲ. ಅಮೆರಿಕದ ಬರ್ಕ್ಲಿಯಲ್ಲಿ 1962ರಿಂದ ಇರುವ ಗ್ರ್ಯಾಜುಯೇಟ್ ಥಿಯಲಾಜಿಕಲ್ ಯೂನಿಯನ್‌ನ ಶಾಲೆಗಳು ಒಂದೇ ಗ್ರಂಥಾಲಯ ಇಟ್ಟುಕೊಂಡು, ತಂತಮ್ಮ ನಂಬಿಕೆಯ ಪಾಠಗಳನ್ನು ತಂತಮ್ಮಲ್ಲೇ ಉಳಿಸಿಕೊಂಡಿವೆ.

ಗ್ರಂಥಾಲಯದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬಹುದು. ಒಂದು ಒಳ್ಳೆಯ ಇಂಗ್ಲಿಷ್ ವ್ಯಾಖ್ಯಾನ ಗ್ರಂಥಕ್ಕೆ ಸಾವಿರಾರು ರೂಪಾಯಿ. ಬೆಂಗಳೂರಿನ ನಾಲ್ಕು ಶಾಲೆಗಳ ಕಪಾಟಿನಲ್ಲಿ ಅದೇ ಪುಸ್ತಕ ನಾಲ್ಕು ಪ್ರತಿ ಇರುತ್ತದೆ, ಹಳೆಯ ಕನ್ನಡ ಪುಸ್ತಕ ಸಿಗುವುದು ಅಪರೂಪ. ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಕಾಲದ ದಾಖಲೆಗಳೂ ಪುಸ್ತಕಗಳೂ ಇವೆ. ಯಾವ ಶಾಲೆಯಲ್ಲಿ ಯಾವ ಕನ್ನಡ ದೇವಶಾಸ್ತ್ರ ಪುಸ್ತಕವಿದೆ ಎಂಬ ಒಂದು ಜಂಟಿ ಪಟ್ಟಿ ತಯಾರಿಸಲು ಹೆಚ್ಚು ಹಣ ಬೇಕಾಗಿಲ್ಲ, ಕನ್ನಡ ಬಲ್ಲ ಇಬ್ಬರು ಗ್ರಂಥಪಾಲಕರ ಒಂದು ಬೇಸಿಗೆ ರಜೆ ಸಾಕು. ಪುಸ್ತಕ ಕಳಿಸುವುದು ಹೇಗೆ ಎಂದರೆ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದರೆ ಸಂಜೆಗೆ ದಾವಣಗೆರೆ ನಿಲ್ದಾಣದಲ್ಲಿ ಸಿಗುತ್ತದೆ. ಅಂತರ್ಜಾಲದ ದತ್ತಕೋಶಗಳಿಗೆ ಒಟ್ಟಾಗಿ ಚಂದಾ ಕಟ್ಟುವ ಉಪಾಯವೂ ಇದೆ, ಆದರೆ ಕನ್ನಡದ ಓದುಗನಿಗೆ ಅದರಿಂದ ನೇರ ಪ್ರಯೋಜನ ಕಡಿಮೆ.

ಚಳ್ಳಕೆರೆಯ ಪಾಲಕರಿಗೆ ಮರಳೋಣ. ಅವರು ಸಭೆ ಬಿಟ್ಟು ಬರಲಾರರು ಎಂಬ ಸಮಸ್ಯೆಗೆ 1963ರಲ್ಲೇ ಗ್ವಾಟೆಮಾಲದ ಪ್ರೆಸ್ಬಿಟೇರಿಯನ್ ಸೆಮಿನರಿಯವರು ಒಂದು ಉತ್ತರ ಹುಡುಕಿದ್ದರು. ವಿದ್ಯಾರ್ಥಿ ಶಾಲೆಗೆ ಬರಲಾಗದಿದ್ದರೆ ಶಾಲೆ ಅವನ ಊರಿನ ಹತ್ತಿರ ಹೋಗುತ್ತದೆ: ಅವನು ಮನೆಯಲ್ಲಿ ಪಾಠದ ಪುಸ್ತಕ ಓದುತ್ತಾನೆ, ವಾರಕ್ಕೊಮ್ಮೆ ಹತ್ತಿರದ ಪಟ್ಟಣದಲ್ಲಿ ಅಧ್ಯಾಪಕರೊಡನೆ ಸೇರಿ ಚರ್ಚೆ ಮಾಡುತ್ತಾನೆ, ಭಾನುವಾರ ತನ್ನ ಸಭೆಯಲ್ಲೇ ಅದನ್ನು ಬಳಸುತ್ತಾನೆ. ಟಿಇಇ (ಥಿಯಲಾಜಿಕಲ್ ಎಜುಕೇಶನ್ ಬೈ ಎಕ್ಸ್‌ಟೆನ್ಶನ್) ಎಂದು ಕರೆಯುವ ಈ ಕ್ರಮವನ್ನು ಭಾರತದಲ್ಲಿ ನಡೆಸಲು ಟಾಫ್ಟೀ ಎಂಬ ಸಂಸ್ಥೆ 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಇಷ್ಟು ಹಳೆಯ ಉಪಾಯವಾದರೂ ಪದವಿಯ ಜಗತ್ತು ಮತ್ತು ಈ ಮನೆಪಾಠದ ಜಗತ್ತು ಬಹುಕಾಲ ಬೇರೆಬೇರೆಯಾಗಿಯೇ ನಡೆದವು. 2022ರಲ್ಲಿ ತುರ್ಕಿಯ ಇಜ್ಮಿರ್‌ನಲ್ಲಿ ಸೇರಿದ ಐಸೀಟ್ ಸಮಾವೇಶ ಈ ಎರಡು ಬಗೆಯ ಶಿಕ್ಷಣ ಪರಸ್ಪರ ಮಾತನಾಡಬೇಕು ಎಂಬುದನ್ನೇ ತನ್ನ ಮುಖ್ಯ ವಿಷಯವಾಗಿಸಿಕೊಂಡಿತು. ದಾವಣಗೆರೆಯ ಮಟ್ಟಿಗೆ ಇದರ ಅರ್ಥ ಸರಳ: ಮೂರು ಶಾಲೆಗಳು ಮೂರು ಕಡೆ ಮೂರು ಬೋರ್ಡು ಹಾಕಿ ಬಡವಾದ ಕೇಂದ್ರ ನಡೆಸುವ ಬದಲು ಒಂದೇ ಕೇಂದ್ರವನ್ನು ಸೇರಿ ನಡೆಸಿ, ಅಲ್ಲಿ ಓದಿದ್ದಕ್ಕೆ ಮೂರೂ ಶಾಲೆಗಳು ಕ್ರೆಡಿಟ್ ಕೊಡುವುದು. ಹೆಣ್ಣುಮಕ್ಕಳಿಗೆ ಇದರಿಂದ ಆಗುವ ಅನುಕೂಲ ಇನ್ನೂ ಹೆಚ್ಚು. ಹಾಸ್ಟೆಲಿಗೆ ಕಳಿಸಲು ಮನೆಯವರು ಒಪ್ಪದ, ಆದರೆ ಸಭೆಯಲ್ಲಿ ಭಾನುವಾರ ಶಾಲೆಯಿಂದ ಹಿಡಿದು ರೋಗಿಗಳ ಭೇಟಿಯವರೆಗೆ ಅರ್ಧ ಕೆಲಸ ಹೊತ್ತ ಸಹೋದರಿಯರು ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರುವ ದೂರದಲ್ಲಿ ಪಾಠ ಸಿಗಬೇಕು.

ಹಣದ ವಿಷಯವನ್ನು ತಪ್ಪಿಸಿಕೊಳ್ಳಲಾಗದು. ಹಿಂದೆ ಜಾಲ ಎಂದರೆ ಎಷ್ಟೋ ಸಲ ಹಣದ ಕಾಲುವೆ ಎಂದೇ ಅರ್ಥವಾಗಿತ್ತು: ವಿದೇಶಿ ದೇಣಿಗೆ ಬೆಂಗಳೂರಿನ ಅಥವಾ ಚೆನ್ನೈನ ದೊಡ್ಡ ಸಂಸ್ಥೆಗೆ ಬಂದು, ಅಲ್ಲಿಂದ ಜಿಲ್ಲೆಗಳ ಚಿಕ್ಕ ಶಾಲೆಗಳಿಗೆ ಹರಿಯುತ್ತಿತ್ತು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಈ ಕಾಲುವೆಯನ್ನು ಮುಚ್ಚಿತು. ನೋಂದಾಯಿತ ಸಂಸ್ಥೆಯೊಂದು ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ, ಅದೂ ನೋಂದಾಯಿತವೇ ಆಗಿದ್ದರೂ, ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಇದರಿಂದ ಚಿಕ್ಕ ಶಾಲೆಗಳಿಗೆ ಪೆಟ್ಟು ಬಿದ್ದದ್ದು ನಿಜ, ಆ ಕಾಯ್ದೆಯ ಸರಿತಪ್ಪುಗಳ ಚರ್ಚೆ ಬೇರೆಯದೇ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಹಣ ಹಂಚುವ ಜಾಲ ಈಗ ಸಾಧ್ಯವಿಲ್ಲವಾದ್ದರಿಂದ ಉಳಿದಿರುವುದು ಮನುಷ್ಯರನ್ನು, ಪುಸ್ತಕಗಳನ್ನು, ಪಾಠದ ಸಮಯವನ್ನು ಹಂಚಿಕೊಳ್ಳುವ ಜಾಲ. ಒಂದು ಶಾಲೆ ತನ್ನದೇ ಸಂಬಳದ ಅಧ್ಯಾಪಕರನ್ನು ವರ್ಷಕ್ಕೆ ಕೆಲವು ವಾರ ದಾವಣಗೆರೆಗೆ ಪಾಠಕ್ಕೆ ಕಳಿಸಬಹುದು. ಊಟ, ವಸತಿ, ಬಸ್ಸಿನ ದುಡ್ಡನ್ನು ಇಲ್ಲಿನ ಸಭೆಗಳು ಕೊಡಬಹುದು. ಕಾಣಿಕೆ ಕೊಟ್ಟ ಸಭೆ ತನ್ನ ಪಾಲಕ ಏನು ಕಲಿತ ಎಂದು ಕೇಳುವ ಹಕ್ಕನ್ನೂ ಪಡೆಯುತ್ತದೆ. ಹೊರಗಿನ ಹಣದ ಕಾಲದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ.

ಅಡ್ಡಿಗಳು ಇಲ್ಲದಿಲ್ಲ. ಅನ್ಯಭಾಷೆಗಳಲ್ಲಿ ಮಾತನಾಡುವುದು ಪವಿತ್ರಾತ್ಮನ ವರವೆಂದು ಒತ್ತಿ ಹೇಳುವ ಪೆಂಟೆಕೋಸ್ಟಲ್ ಶಾಲೆಗೂ ಅದನ್ನು ಒಪ್ಪದ ಬ್ರದರನ್ ಹಿರಿಯರಿಗೂ ಒಂದೇ ತರಗತಿ ಹೇಗೆ ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಅದು ಮನಸ್ಸಾಕ್ಷಿಯ ವಿಷಯ. ಆದರೆ ಹೀಬ್ರೂ ವ್ಯಾಕರಣಕ್ಕೆ ಪಂಥವಿಲ್ಲ, ಸಭಾ ಚರಿತ್ರೆಯ ಮೊದಲ ಐದು ಶತಮಾನ ಎಲ್ಲರದೂ. ಹಂಚಿಕೊಳ್ಳಬಹುದಾದ ವಿಷಯಗಳನ್ನು ಹಂಚಿಕೊಂಡು, ದೀಕ್ಷಾಸ್ನಾನ, ವರಗಳು, ಸಭಾಡಳಿತ ಇಂತಹ ಪಾಠಗಳನ್ನು ಆಯಾ ಪಂಥದ ಶಾಲೆಯೇ ಹೇಳಿಕೊಳ್ಳಲಿ. ಇದಕ್ಕಿಂತ ಗಟ್ಟಿಯಾದ ಅಡ್ಡಿ ಇನ್ನೊಂದಿದೆ, ಅದನ್ನು ಸಭೆಗಳಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ. ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ ಶಾಲೆಯ ಉಳಿವು ನಿಂತಿರುವಾಗ ನಮ್ಮ ಹುಡುಗನನ್ನು ಅವರ ಪಾಠಕ್ಕೆ ಕಳಿಸಿದರೆ ಅವನು ಅಲ್ಲೇ ಉಳಿದಾನು ಎಂಬ ಭಯ ಚಿಕ್ಕ ಶಾಲೆಗಳಿಗಿದೆ, ಅದು ಸುಳ್ಳು ಭಯವೂ ಅಲ್ಲ. ಮೂಲ ಶಾಲೆಯ ಹೆಸರಿನಲ್ಲೇ ಪದವಿ, ಜಂಟಿ ಪಾಠಕ್ಕೆ ಕ್ರೆಡಿಟ್ ಮಾತ್ರ ಎಂಬ ಲಿಖಿತ ಒಪ್ಪಂದವಿಲ್ಲದೆ ಈ ಕೆಲಸಕ್ಕೆ ಕೈ ಹಾಕುವುದು ಜಗಳಕ್ಕೆ ಆಹ್ವಾನ. ದೊಡ್ಡ ಶಾಲೆಗಳೇ ಇಲ್ಲಿ ಮೊದಲು ಬಗ್ಗಬೇಕಾಗುತ್ತದೆ, ಕಳೆದುಕೊಳ್ಳುವುದು ಅವುಗಳಿಗೆ ಕಡಿಮೆ.

ಆರಂಭ ಎಲ್ಲಿಂದ ಎಂದರೆ ನಾನು ಸೋಮವಾರದಿಂದ ಎನ್ನುತ್ತೇನೆ. ಭಾನುವಾರ ದುಡಿದ ಪಾಲಕರಿಗೆ ಸೋಮವಾರ ಬಿಡುವು. ಹರಿಹರ, ಹೊನ್ನಾಳಿ, ಜಗಳೂರು, ಹೊಳಲ್ಕೆರೆ, ಚಿತ್ರದುರ್ಗ ಎಲ್ಲ ಕಡೆಯಿಂದಲೂ ಬೆಳಗಿನ ಬಸ್ಸಿಗೆ ದಾವಣಗೆರೆ ತಲುಪಬಹುದು. ಯಾವುದಾದರೂ ಸಭೆಯ ಹಾಲ್, ಒಂದು ಕರಿಹಲಗೆ, ಮೂರು ಶಾಲೆಗಳಿಂದ ಸರದಿಯಂತೆ ಬರುವ ಮೂವರು ಕನ್ನಡ ಅಧ್ಯಾಪಕರು, ಮೊದಲ ವರ್ಷಕ್ಕೆ ಒಂದೇ ವಿಷಯ. ರೋಮಾಪುರದವರಿಗೆ ಬರೆದ ಪತ್ರವೇ ಆಗಲಿ, ನೀತಿ ಎಂಬ ಪದದ ತೊಡಕಿನಿಂದಲೇ ಶುರುವಾಗಲಿ. ಹಾಜರಿ ಪುಸ್ತಕವನ್ನು ಯಾವ ಶಾಲೆಯ ಕಚೇರಿಯಲ್ಲಿಡುವುದು, ಅಂಕಪಟ್ಟಿಗೆ ಯಾರು ಸಹಿ ಹಾಕುವುದು ಎಂಬುದನ್ನು ಮಾತ್ರ ಮೊದಲ ತರಗತಿಗೆ ಮುಂಚೆಯೇ ಬರೆದಿಟ್ಟುಕೊಳ್ಳಬೇಕು.